ಪ್ರಭುಸ್ವಾಮಿಯವರು ಸುಮ್ಮನೆ ಕೂತ ಭಾನುವಾರ

ಸರಸ್ವತಿಪುರಂನ ಪ್ರಭುಸ್ವಾಮಿಯವರಿಗೆ ದೇವರ ಮೇಲೆ ಇದ್ದಷ್ಟೇ ಭಕ್ತಿ ಮೌನದ ಮೇಲೂ ಇತ್ತು. ವ್ಯತ್ಯಾಸ ಇಷ್ಟೇ: ದೇವರ ವಿಷಯದಲ್ಲಿ ಅವರು ಮಿತಭಾಷಿ. ಮೌನದ ವಿಷಯ ಎತ್ತಿದರೆ ನಿಲ್ಲಿಸುತ್ತಿರಲಿಲ್ಲ.

ಮನೆಯ ಮಹಡಿ ಮೇಲಿನ ಒಂದೇ ಕೋಣೆ ಅವರ ಸ್ಟುಡಿಯೋ. ಬಾಗಿಲ ನೆತ್ತಿಯಲ್ಲಿ ‘ನಾದಶುದ್ಧಿ ರೆಕಾರ್ಡಿಂಗ್’ ಎಂದು ಹಳದಿ ಬಣ್ಣದಲ್ಲಿ ಬರೆಸಿದ್ದರು. ಒಳಗೆ ನಾಲ್ಕೂ ಗೋಡೆಗೆ ಮೊಟ್ಟೆ ಜೋಡಿಸುವ ರಟ್ಟಿನ ಟ್ರೇಗಳು. ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವ ಮನೆ ಅದು. ಆದರೆ ಸದ್ದು ಹೀರುವುದಕ್ಕೆ ಅದಕ್ಕಿಂತ ಅಗ್ಗದ ಸಾಮಾನು ಮೈಸೂರಿನಲ್ಲಿ ಸಿಗುತ್ತಿರಲಿಲ್ಲ. ಪ್ರಭುಸ್ವಾಮಿಯವರು ಬೇಕರಿಗಳಿಂದ ಟ್ರೇಗಳನ್ನು ತಂದು, ಬಿಸಿಲಿಗೆ ಹಾಕಿ, ವಿಭೂತಿ ಕಲೆಸಿದ ನೀರು ಚಿಮುಕಿಸಿ, ಕಾವಿ ಬಣ್ಣ ಬಳಿದು ಅಂಟಿಸಿದ್ದರು. ಇಷ್ಟೆಲ್ಲ ಸಂಸ್ಕಾರವಾದರೂ ಅವರ ಅತ್ತೆ, ಅಂದರೆ ಹೆಂಡತಿ ದಾಕ್ಷಾಯಣಮ್ಮನವರ ತಾಯಿ, ಬದುಕಿರುವವರೆಗೂ ಆ ಮೆಟ್ಟಿಲು ಹತ್ತಲಿಲ್ಲ.

ವಚನ ಹಾಡುವವರು, ಭಜನೆಯವರು, ಚುನಾವಣೆಗೆ ನಿಂತವರು ಬಂದರೆ ಮೊದಲು ಅವರನ್ನು ಒಳಗೆ ಕೂರಿಸಿ ಬಾಗಿಲು ಹಾಕುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಿದ್ದರು.

“ಏನು ಕೇಳಿಸ್ತಿದೆ?”

“ಏನೂ ಇಲ್ವಲ್ಲ ಸ್ವಾಮಿ.”

“ಅದೇ. ನೀವು ಕೊಡೋ ದುಡ್ಡು ಅದಕ್ಕೆ. ಹಾಡೋದು ನಿಮ್ದು, ಅದನ್ನ ನೀವು ಮನೇಲೂ ಹಾಡ್ಕೋಬಹುದು.”

ಈ ಮೌನದ ಹಿಂದೆ ಒಂದು ಕೂಗಿನ ಕಥೆಯಿತ್ತು. ಸ್ಟುಡಿಯೋ ತೆರೆಯುವ ಮುಂಚೆ ಅವರದು ಮೈಕ್ ಸೆಟ್ಟಿನ ವ್ಯವಹಾರ. ಮಠದ ಒಂದು ದೊಡ್ಡ ಸಮಾರಂಭದಲ್ಲಿ, ಸ್ವಾಮಿಗಳು ಆಶೀರ್ವಚನಕ್ಕೆಂದು ಬಾಯಿ ತೆರೆದ ಗಳಿಗೆಯಲ್ಲೇ, ಮೈಕು ‘ಕುಂಯ್’ ಎಂದು ಶುರುಮಾಡಿದ್ದು ನಿಲ್ಲಲೇ ಇಲ್ಲ. ಇಡೀ ಸಭೆ ಕಿವಿ ಮುಚ್ಚಿಕೊಂಡಿತು. ಸ್ವಾಮಿಗಳು ನಕ್ಕು, ಅದು ಮುಗಿಯಲೆಂದು ಕಾದರು. ಮುಂದಿನ ವರ್ಷದಿಂದ ಮಠದ ಮೈಕು ಊರಿನ ಇನ್ನೊಬ್ಬ ಮೈಕ್ ಸೆಟ್ಟಿನವನಾದ ಸಣ್ಣಯ್ಯನ ಪಾಲಾಯಿತು. ಸ್ವಾಮಿಗಳಿಗೆ ಅದು ಮರೆತೇ ಹೋಗಿತ್ತು, ಸಭೆಗೂ ಮರೆತುಹೋಗಿತ್ತು. ಪ್ರಭುಸ್ವಾಮಿಯವರ ಬಲಗೈ ಮಾತ್ರ ಮರೆಯಲಿಲ್ಲ. ಅಂದಿನಿಂದ ಎಲ್ಲೇ ಮೈಕು ಕೂಗಲು ತಯಾರಾದರೂ ಆ ಕೈ ತಾನಾಗಿ ಎದ್ದು, ಇಲ್ಲದ ತಿರುಗಣೆಯೊಂದನ್ನು ಗಾಳಿಯಲ್ಲಿ ಎಡಕ್ಕೆ ತಿರುಗಿಸುತ್ತಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ, ಸಾರನ್ನ ಕಲೆಸುತ್ತಿದ್ದ ಕೈಯಲ್ಲಿ ಹೀಗೆ ಮಾಡಿ, ಪಕ್ಕದವರ ಪಂಚೆಗೆ ಸಾರು ಎರಚಿದ್ದೂ ಉಂಟು.

ಇಂಥವರ ಹತ್ತಿರ, ತೊಂಬತ್ತೊಂಬತ್ತನೇ ಇಸವಿಯಲ್ಲಿ, ಅವರ ತಂಗಿಯ ಮಗ ಗುರುಕಿರಣ್ ತನ್ನ ತಂಡದ ಆಲ್ಬಂ ರೆಕಾರ್ಡ್ ಮಾಡಿಕೊಡಿ ಎಂದು ಬಂದ.

ತಂಡ ಎಂದರೆ ಮೂವರು. ಗುರುಕಿರಣನ ಕೈಯಲ್ಲಿ ಗಿಟಾರು. ಸಿದ್ಧಾರ್ಥನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಜವರಯ್ಯನವರ ಮಗ ರಾಜೇಶ ಡ್ರಮ್ ಬಾರಿಸುತ್ತಿದ್ದ. ಅವನ ತಂಗಿ ಸಿಂಚನ ದಪ್ಪ ತಂತಿಯ ಬೇಸ್ ಗಿಟಾರು ನುಡಿಸುತ್ತ ಹಾಡುತ್ತಿದ್ದಳು. ಹಾಡುತ್ತಿದ್ದಳು ಎನ್ನುವುದು ಸೌಜನ್ಯಕ್ಕೆ, ಅವಳು ಅರಚುತ್ತಿದ್ದಳು. ಅಭ್ಯಾಸವೆಲ್ಲ ಗಿರಣಿಯೊಳಗೇ, ಗಿರಣಿ ಓಡುತ್ತಿರುವಾಗಲೇ. ಅಲ್ಲಿ ಇವರ ಸದ್ದಿಗೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಅಪರೂಪಕ್ಕೆ ಯಾರಾದರೂ ಗಿರಾಕಿ, “ಜವರಯ್ಯ, ನಿನ್ ಮಿಷಿನ್‌ಗೆ ಏನೋ ಆಗದೆ, ನೋಡ್ಸು” ಅನ್ನುತ್ತಿದ್ದರು, ಅಷ್ಟೆ. ತಂಡದ ಹೆಸರು ‘ಹಿಟ್ಟು’. ಆಲ್ಬಂನ ಹೆಸರು ‘ಬೆಲ್ಟ್ ಕಡಿದ ದಿನ’. ಸಿಂಚನ ಅರಚುತ್ತಿದ್ದದ್ದೆಲ್ಲ ಗಿರಣಿಯ ಸಾಲಿನಲ್ಲಿ ಕೇಳಿದ ಜಗಳಗಳು: ನನ್ನ ಡಬ್ಬ ಮುಂದಿತ್ತು, ನಿಮ್ಮ ಗೋಧಿ ಮೇಲೆ ನಮ್ಮ ರಾಗಿ ಹಾಕಬೇಡಿ, ನಾನೇನು ನಿನ್ನೆ ಬಂದವಳಾ.

“ಇದನ್ನ ಏನಂತಾರೋ?” ಎಂದು ಪ್ರಭುಸ್ವಾಮಿಯವರು ಕೇಳಿದ್ದರು.

“ನಾಯ್ಸ್ ರಾಕ್ ಅಂತಾರೆ ಮಾವ.”

“ನಾಯ್ಸ್ ಅನ್ನೋದು ತೆಗೆಯೋಕಿರೋದು ಕಣೋ, ಹಾಕೋಕಲ್ಲ.”

ಗುರುಕಿರಣ್ ನಕ್ಕಿದ್ದ. ಮಾವ ತಮಾಷೆ ಮಾಡಿದರೆಂದು ಅವನು ತಿಳಿದ. ಪ್ರಭುಸ್ವಾಮಿಯವರು ತಮ್ಮ ಕಸುಬಿನ ವಿಷಯದಲ್ಲಿ ಜನ್ಮದಲ್ಲಿ ತಮಾಷೆ ಮಾಡಿದವರಲ್ಲ.

ರೆಕಾರ್ಡಿಂಗ್ ದಿನ ಅವರು ನಾಲ್ಕು ಟ್ರ್ಯಾಕಿನ ಯಂತ್ರಕ್ಕೆ ಟೇಪು ಹಾಕಿ, ಗುಂಡಿ ಒತ್ತಿ, ಕಿವಿಗೆ ಹತ್ತಿ ತುರುಕಿಕೊಂಡು ಕೆಳಗೆ ಹೋಗಿ ಅಡುಗೆಮನೆಯಲ್ಲಿ ಕೂತರು. ಗಿಟಾರಿನ ಕೂಗು ತಾರಸಿ ಸೀಳಿಕೊಂಡು ಬರುತ್ತಿತ್ತು. ಪಾಪ, ಹಳೆಯ ಗಿಟಾರು, ಸೆಕೆಂಡ್ ಹ್ಯಾಂಡ್ ಆಂಪ್ಲಿಫಯರ್, ಹುಡುಗರ ಹತ್ತಿರ ಒಳ್ಳೆಯ ಸಾಮಾನಿಲ್ಲ, ಅದಕ್ಕೇ ಹೀಗೆ ಕೂಗುತ್ತದೆ ಎಂದುಕೊಂಡರು. ಕೇಳುವುದಕ್ಕೆ ಸಂಕೋಚ ಅವಕ್ಕೆ. ನಾನೇ ಸರಿಮಾಡಿಕೊಡುತ್ತೇನೆ.

ಸರಿಮಾಡಿದರು ಕೂಡ. ಬೇರೆ ಕೆಲಸ ಬದಿಗಿಟ್ಟು, ಹೆಡ್‌ಫೋನ್ ಹಾಕಿಕೊಂಡು, ಗಿಟಾರು ಕೂಗಲು ಬಾಯಿ ತೆರೆದಲ್ಲೆಲ್ಲ ಅದರ ಬಾಯಿ ಮುಚ್ಚಿದರು. ಗುಂಯ್‌ಗುಡುವುದನ್ನು ಸೋಸಿದರು. ಅರಚಾಟದ ಅಂಚುಗಳನ್ನು ಉಜ್ಜಿ ನಯಮಾಡಿ, ಎಲ್ಲವನ್ನೂ ಇನ್ನೊಂದು ಟೇಪಿಗೆ ಇಳಿಸಿ ಮಾಸ್ಟರ್ ತಯಾರಿಸಿದರು. ಹೂ ಕಟ್ಟುವವರು ಎಲೆ ಕೀಳುವಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ. ಶುಕ್ರವಾರ ಸಂಜೆ ಮೂವರನ್ನೂ ಕರೆಸಿ, ಬಸವಣ್ಣನ ಪಟಕ್ಕೆ ಊದುಬತ್ತಿ ಹಚ್ಚಿ, ದಾಕ್ಷಾಯಣಮ್ಮನವರ ಕೈಲಿ ಕಾಫಿ ಕೊಡಿಸಿ, ಟೇಪು ಹಾಕಿದರು.

ಮೊದಲ ಹಾಡು ಮುಗಿಯುವ ಹೊತ್ತಿಗೆ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಯಾರೂ ಲೋಟ ಎತ್ತಿರಲಿಲ್ಲ. ರಾಜೇಶನ ಡ್ರಮ್ಮು ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದ ಹಾಗೆ ಕೇಳುತ್ತಿತ್ತು. ಸಿಂಚನ ಪಕ್ಕದ ಮನೆಯವರನ್ನು ಕರಿಬೇವು ಕೇಳುವ ದನಿಯಲ್ಲಿ ‘ನನ್ನ ಡಬ್ಬ ಮುಂದಿತ್ತು’ ಅನ್ನುತ್ತಿದ್ದಳು. ಗಿಟಾರು ಎಲ್ಲೋ ದೂರದಲ್ಲಿ, ಅಪ್ಪಣೆ ಕೇಳಿಕೊಂಡು ಒಳಗೆ ಬಂದವನಂತೆ, ಎರಡು ಮಾತಾಡಿ ಹೊರಟುಹೋಗುತ್ತಿತ್ತು.

“ಹೇಗಿದೆ?” ಎಂದರು ಪ್ರಭುಸ್ವಾಮಿಯವರು. ಹೊಗಳಿಕೆಗೆ ಮುಖ ಆಗಲೇ ಅಣಿಯಾಗಿತ್ತು.

“ಕೂಗೆಲ್ಲಿ ಮಾವ?” ಎಂದ ಗುರುಕಿರಣ್.

“ತೆಗೆದೆ. ಒಂದು ಚೂರು ಉಳಿದಿದ್ರೆ ತೋರಿಸು ನೋಡೋಣ.”

“ಅದೇ ಹಾಡು ಮಾವ. ನೀವು ತೆಗೆದಿದ್ದೀರಲ್ಲ, ಅದೇ ಹಾಡು.” ಅವನ ದನಿ ಇನ್ನೂ ಏರಿರಲಿಲ್ಲ. “ಇರ್ಲಿ ಬಿಡಿ. ಮೂಲ ಟೇಪ್ ಕೊಡಿ, ಬೇರೆ ಕಡೆ ಮಿಕ್ಸ್ ಮಾಡಿಸ್ಕೋತೀವಿ.”

“ಮೂಲ ಯಾಕೆ? ಮಾಸ್ಟರ್ ಆಯ್ತಲ್ಲ. ತೊಳೆದೆ.”

“ತೊಳೆದೆ ಅಂದ್ರೆ?”

“ಅಳಿಸಿದೆ ಕಣೋ. ಯಾವಾಗ್ಲೂ ಮಾಡೋದೇ ಅಲ್ವಾ. ನಿನ್ನೆ ಅದರ ಮೇಲೆ ಚೆಲುವಮ್ಮನವರ ಭಜನಾ ಮಂಡಳಿ ಹಾಡಿದ್ರು. ಒಳ್ಳೇ ಟೇಪು, ಸುಮ್ನೆ ಯಾಕೆ ಇಟ್ಕೊಳೋದು?”

ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ, ಬೇರೆ ದಿನವಾಗಿದ್ದರೆ ಪ್ರಭುಸ್ವಾಮಿಯವರು ಅದನ್ನು ತೋರಿಸಿ ಹೆಮ್ಮೆಪಡುತ್ತಿದ್ದರು.

ರಾಜೇಶ ಎದ್ದು ಗೋಡೆಯ ಟ್ರೇಗಳನ್ನು ನೋಡುತ್ತ ನಿಂತ. ಮಾತು ಬಂದದ್ದು ಸಿಂಚನಳಿಂದ. “ಅಂಕಲ್, ಅಣ್ಣ ಭಾನುವಾರ ಸಾಯಂಕಾಲ ಹೊರಡ್ತಾನೆ. ಸೋಮವಾರ ಬೆಳಿಗ್ಗೆ ಚನ್ನಪಟ್ಟಣದಲ್ಲಿ ಪೊಲೀಸ್ ಟ್ರೇನಿಂಗ್‌ಗೆ ಹಾಜರಾಗ್ಬೇಕು. ಹೋದ್ರೆ ವರ್ಷ ಸಿಗಲ್ಲ.”

“ವರ್ಷ ಬಿಟ್ಟು ಮಾಡಿದರಾಯ್ತು.”

“ಯಾರು ಹಾಕ್ತಾರೆ ಮಾವ ಆಮೇಲೆ?” ಎಂದ ಗುರುಕಿರಣ್. “ಬೆಂಗಳೂರಿನ ಕ್ಯಾಸೆಟ್‌ನೋನು ಸೋಮವಾರ ಮಾಸ್ಟರ್ ತಂದ್ರೆ ಕಾಪಿ ಹಾಕ್ಕೊಡ್ತೀನಿ ಅಂದಿದಾನೆ. ಮಂಗಳವಾರದಿಂದ ಅವನ ಮಿಷಿನ್‌ಗೆ ಗಣೇಶನ ಹಾಡು. ಅದಾದ್ಮೇಲೆ ದಸರಾ. ಅದಾದ್ಮೇಲೆ ಅಯ್ಯಪ್ಪ. ನಮ್ಮನ್ನ ಮತ್ತೆ ಬಾಗಿಲೊಳಗೆ ಬಿಡ್ಕೊಳಲ್ಲ. ಇದೊಂದೇ ಸಲ ಇತ್ತು.”

“ಹಾಗಾದ್ರೆ ಇದನ್ನೇ ಕೊಡು. ಶುದ್ಧವಾಗಿದೆ.”

“ಇದು ನಮ್ದಲ್ಲ ಮಾವ,” ಎಂದು ಗುರುಕಿರಣ್ ಮೆಟ್ಟಿಲಿಳಿದ. ಉಳಿದಿಬ್ಬರೂ ಹಿಂದೆಯೇ ಹೋದರು. ರಾಜೇಶ ಮಾತ್ರ ಬಾಗಿಲಲ್ಲಿ ನಿಂತು, “ಬರ್ತೀನಿ ಸಾರ್” ಎಂದು ಹೇಳಿಯೇ ಹೋದ. ಆ ಮರ್ಯಾದೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಪ್ರಭುಸ್ವಾಮಿಯವರು ಆ ಸಂಜೆಯೆಲ್ಲ ವಾದ ಮಾಡಿದರು. ಎದುರಾಳಿಗಳು ಹೋಗಿಬಿಟ್ಟಿದ್ದರಿಂದ ಹೆಂಡತಿಯ ಜೊತೆ ಮಾಡಿದರು. ಜಗತ್ತಿನಲ್ಲಿ ಯಾವ ರೆಕಾರ್ಡಿಂಗ್‌ನವನೂ ಕೂಗನ್ನು ಇಟ್ಟುಕೊಳ್ಳುವುದಿಲ್ಲ, ತಾನು ಮಾಡಿದ್ದು ಸೇವೆ, ಕೃತಜ್ಞತೆ ಎನ್ನುವುದು ಈ ಕಾಲದಲ್ಲಿ, ಇತ್ಯಾದಿ. ದಾಕ್ಷಾಯಣಮ್ಮ ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡರು.

“ರೀ, ಅವರು ಖಾರ ಕೇಳಿದ್ರು. ನೀವು ಮೆಣಸಿನಕಾಯೆಲ್ಲ ಆರಿಸಿ ಬಿಸಾಕಿ ಬಡಿಸಿದ್ರಿ.”

“ಖಾರ ಅಲ್ಲ ಕಣೇ ಅದು, ಕಲ್ಲು.”

“ಕಲ್ಲೇ ಇರ್ಲಿ. ಊಟ ಯಾರದ್ದು? ನಿಮ್ದಾ?”

ಪ್ರಭುಸ್ವಾಮಿಯವರು ಮಹಡಿಗೆ ಹೋದರು. ಚೆಲುವಮ್ಮನವರ ಟೇಪನ್ನು ಹಾಕಿ, ಭಜನೆಯ ಅಡಿಯಲ್ಲಿ ಎಲ್ಲಾದರೂ ಗಿಟಾರಿನ ಚೂರು ಉಳಿದಿದೆಯೇ ಎಂದು ಹುಡುಕಿದರು. ಅವರ ಕೆಲಸ ಅಚ್ಚುಕಟ್ಟು. ಒಂದು ಎಳೆಯೂ ಉಳಿದಿರಲಿಲ್ಲ. ಅಷ್ಟು ಚೆನ್ನಾಗಿ ಅಳಿಸಿದ್ದಕ್ಕೆ ಜೀವನದಲ್ಲಿ ಮೊದಲ ಸಲ ಅವರು ತಮ್ಮನ್ನೇ ಬೈದುಕೊಂಡರು.

ಶನಿವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಸಿದ್ಧಾರ್ಥನಗರದ ಗಿರಣಿಗೆ ಹೋದರು. ಜವರಯ್ಯ ಕಣ್ಣುರೆಪ್ಪೆಯವರೆಗೂ ಹಿಟ್ಟಾಗಿ ಗೋಧಿ ಸುರಿಯುತ್ತಿದ್ದರು. ಮೂವರೂ ಒಂದು ಮೂಲೆಯಲ್ಲಿ ಸಾವಿನ ಮನೆಗೆ ಬಂದವರಂತೆ ಕೂತಿದ್ದರು. ತಪ್ಪಾಯಿತು ಎನ್ನುವುದಕ್ಕೆ ಪ್ರಭುಸ್ವಾಮಿಯವರಿಗೆ ನಾಲಗೆ ತಿರುಗುತ್ತಿರಲಿಲ್ಲ. ಅದಕ್ಕೆ ಬದಲು, “ನಾಳೆ ಮತ್ತೆ ಮಾಡೋಣ” ಎಂದರು.

“ಎಲ್ಲಿ?” ಎಂದ ಗುರುಕಿರಣ್, ತಲೆ ಎತ್ತದೆ. “ನಾಳೆ ನಿಮ್ಮ ಕಡೆ ಕರೆಂಟ್ ಇಲ್ಲ. ಲೈನ್ ರಿಪೇರಿ ಅಂತ ಪೇಪರ್‌ನಲ್ಲಿ ಹಾಕಿದಾರೆ, ಬೆಳಿಗ್ಗೆಯಿಂದ ಸಾಯಂಕಾಲದವರೆಗೂ.”

ಪ್ರಭುಸ್ವಾಮಿಯವರು ಸುತ್ತ ನೋಡಿದರು. ತಗಡಿನ ಮಾಡು. ಜೇಡರ ಬಲೆಯ ಮೇಲೂ ಹಿಟ್ಟು. ಮಾತಾಡಿದರೆ ಮೂರು ಸಲ ಮರುದನಿ ಕೊಡುವ ಗೋಡೆ. ಒಂದು ಕೋಣೆಯಲ್ಲಿ ಏನೇನು ಇರಬಾರದೆಂದು ಅವರು ನಂಬಿದ್ದರೋ ಅದೆಲ್ಲ ಅಲ್ಲಿತ್ತು.

“ಇಲ್ಲಿ,” ಎಂದರು.

ಜವರಯ್ಯ ಗಿರಣಿ ನಿಲ್ಲಿಸಿ ಹತ್ತಿರ ಬಂದರು. “ಭಾನ್ವಾರ ಮದ್ಯಾನದ್ ಮ್ಯಾಕೆ ಮಿಷಿನ್ ನಿಲ್ಲಿಸ್ತೀನಿ ಸ್ವಾಮಿ, ಅದೇನ್ ಕೂಗುಸ್ತಿರೋ ಕೂಗ್ಸಿ. ನಾಲ್ಕು ಗಂಟ್ಗೆ ಮಾತ್ರ ನಮ್ ಉಡ್ಗುನ್ನ ಬುಟ್ಬುಡಿ. ದೇವಸ್ಥಾನಕ್ಕೋಗಿ, ಅಲ್ಲಿಂದ ಬಸ್ಸು. ಅವ್ರವ್ವ ಆಗ್ಲೇ ಟ್ರಂಕ್ ಕಟ್ಕೊಂಡ್ ಕುಂತವ್ಳೆ.”

ಭಾನುವಾರ ಪ್ರಭುಸ್ವಾಮಿಯವರು ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿಯಲ್ಲೇ ಬಂದರು. ಗಿರಣಿಗೆ ಬಿಳಿ ಬಟ್ಟೆಯೇ ಸರಿ ಎಂದು ದಾಕ್ಷಾಯಣಮ್ಮ ಸಮಾಧಾನ ಹೇಳಿದ್ದರು. ಆಟೋದಲ್ಲಿ ತಂದ ಟೇಪು ಯಂತ್ರಕ್ಕೂ, ಸದ್ದು ಏರಿಸಿ ಇಳಿಸುವ ಮಿಕ್ಸರಿಗೂ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಂದು ಕಲ್ಲಿನ ಕಟ್ಟೆಯ ಮೇಲೆ ಇಟ್ಟರು. ವೈರುಗಳ ಉದ್ದ ಸಾಲದೆ, ಸ್ಟೆಬಿಲೈಸರನ್ನು ಎದುರು ಗೋಡೆಯ ಮೀಟರ್ ಬೋರ್ಡಿನ ಕೆಳಗೆ ಇಡಬೇಕಾಯಿತು. ಹಳೆಯ ಕಾಲದ ಕೈಯಿಂದ ತಿರುಗಿಸುವ ಸ್ಟೆಬಿಲೈಸರ್ ಅದು: ವೋಲ್ಟೇಜ್ ಇಳಿದರೆ ಒಂದು ಮೆಟ್ಟಿಲು ಏರಿಸಬೇಕು, ಏರಿದರೆ ಇಳಿಸಬೇಕು. ಮನೆಯಲ್ಲಿ ಅದರ ಅಗತ್ಯ ಬೀಳುತ್ತಿರಲಿಲ್ಲ. ಗಿರಣಿಯ ಲೈನನ್ನು ನಂಬುವ ಹಾಗಿರಲಿಲ್ಲ.

ಮೈಕುಗಳನ್ನು ಕಟ್ಟಿ, ಗಿಟಾರನ್ನು ಮಿಕ್ಸರಿನ ಮೂಲಕ ಆಂಪ್ಲಿಫಯರಿಗೆ ಸೇರಿಸಿ, ಡ್ರಮ್ಮು ಜೋಡಿಸುವಷ್ಟರಲ್ಲಿ ಎರಡು ಗಂಟೆಯಾಯಿತು. ಟೇಪು ತಿರುಗಿತು. ಮೊದಲ ಹಾಡಿನ ನಡುವೆ ಗುರುಕಿರಣ್ ಗಿಟಾರನ್ನು ಆಂಪ್ಲಿಫಯರಿನ ಮೂತಿಗೆ ಹಿಡಿದ. ಕೂಗು ಸಣ್ಣದಾಗಿ ಹುಟ್ಟಿ, ದಪ್ಪವಾಗಿ, ತಗಡಿನ ಮಾಡನ್ನು ನಡುಗಿಸಲು ಹೊರಟಿತು. ಅಷ್ಟರಲ್ಲಿ ತಟ್ಟನೆ ಸತ್ತುಹೋಯಿತು.

ಮೂವರೂ ತಿರುಗಿ ನೋಡಿದರು. ಪ್ರಭುಸ್ವಾಮಿಯವರು ತಮ್ಮ ಬಲಗೈಯನ್ನು ನೋಡುತ್ತಿದ್ದರು. ಅದು ಮಿಕ್ಸರಿನ ತಿರುಗಣೆಯ ಮೇಲಿತ್ತು.

“ಅಭ್ಯಾಸ ಬಲ,” ಎಂದರು. “ಇನ್ನೊಂದ್ಸಲ ಮಾಡಿ.”

ಇನ್ನೊಂದು ಸಲವೂ ಹಾಗೇ ಆಯಿತು. ಈ ಸಲ ಎರಡು ಹಾಡು ದಾಟಿ ಮೂರನೆಯದರಲ್ಲಿ. ಅವರು ಕೈಯನ್ನೇ ದಿಟ್ಟಿಸಿಕೊಂಡು ಕೂತಿದ್ದರು. ಕೂಗು ಎದ್ದಾಗ ತಲೆ ಎತ್ತಿದ್ದೇ ತಡ, ಕೈ ತನ್ನ ಕೆಲಸ ಮುಗಿಸಿತ್ತು.

ರಾಜೇಶ ಡ್ರಮ್ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ಗಡಿಯಾರ ನೋಡಿದ. ಬಾಗಿಲಲ್ಲಿ ಅವನ ತಾಯಿ ಸರೋಜಮ್ಮ, ರೇಷ್ಮೆ ಸೀರೆಯುಟ್ಟು, ಹೂ ಮುಡಿದು, ಪಕ್ಕದಲ್ಲಿ ಟ್ರಂಕು ಇಟ್ಟುಕೊಂಡು ನಿಂತಿದ್ದರು. “ಮುಗೀತೇನ್ಲಾ?” ಎಂದರು. “ಇನ್ನೂ ಸುರುನೇ ಆಗಿಲ್ಲ ಕಣವ್ವ” ಎಂದು ಅವನು ಹೇಳಿದ್ದಕ್ಕೆ, “ಇಷ್ಟೊತ್ತು ಬಡಿದದ್ದು ಏನ್ಲಾ ಮತ್ತೆ?” ಎಂದರು.

ಗುರುಕಿರಣ್ ಗಿಟಾರು ಕೆಳಗಿಟ್ಟ. “ಮಾವ, ನೀವು ಹೊರಗಿರಿ.”

“ನಾನು ಹೊರಗೋದ್ರೆ ವೋಲ್ಟೇಜ್ ಯಾರಪ್ಪ ನೋಡ್ಕೊಳೋರು? ನಿಮ್ಮಪ್ಪ ಬರ್ತಾನಾ ಬಟ್ಟೆ ಅಂಗಡಿ ಬಿಟ್ಟು?”

“ವೋಲ್ಟೇಜ್ ಹಾಳಾಗೋಗ್ಲಿ. ನೀವು ಇದ್ರೆ ಇದು ಆಗಲ್ಲ. ನಿಮಗೆ ಇದು ಇಷ್ಟ ಇಲ್ಲ, ನಿಮ್ಮ ಕೈಗೂ ಇಷ್ಟ ಇಲ್ಲ. ನೇರವಾಗಿ ಹೇಳ್ಬಿಡಿ, ನಾವು ಟೇಪ್ ರೆಕಾರ್ಡರ್ ಇಟ್ಕೊಂಡು ಏನೋ ಮಾಡ್ಕೋತೀವಿ.”

“ಇಷ್ಟ ಇದೆಯೋ ಇಲ್ವೋ ಅದು ನನ್ನ ಕಷ್ಟ. ಕೆಲಸ ಒಪ್ಕೊಂಡಿದೀನಿ.”

“ಹೋದ್ಸಲಾನೂ ಒಪ್ಕೊಂಡಿದ್ರಿ.”

ಪ್ರಭುಸ್ವಾಮಿಯವರ ಕಿವಿ ಕೆಂಪಾಯಿತು. ಊರಿನಲ್ಲಿ ಯಾರೂ, ಸಣ್ಣಯ್ಯನೂ, ಅವರಿಗೆ ಹೀಗೆ ಹೇಳಿರಲಿಲ್ಲ. ಟೇಪು ಯಂತ್ರ ಎತ್ತಿಕೊಂಡು ಮನೆಗೆ ಹೋಗಿಬಿಡಬಹುದಿತ್ತು. ಆದರೆ ಎತ್ತಿಕೊಂಡು ಹೋದರೆ ಭಜನಾ ಮಂಡಳಿಯ ಅಡಿಯಲ್ಲಿ ಸತ್ತದ್ದು ಸತ್ತೇ ಇರುತ್ತದೆ.

ಸಿಂಚನ ನಡುವೆ ಬಂದಳು. “ಜಗಳ ಆಡೋಕೂ ಟೈಮಿಲ್ಲ. ಅಂಕಲ್, ನೀವಿಲ್ಲೇ ಇರಿ. ಕೈ ಎರಡನ್ನೂ ತೊಡೆ ಕೆಳಗೆ ಇಟ್ಕೊಂಡು ಕೂತ್ಬಿಡಿ. ಕುತ್ಕೊಳೋದಷ್ಟೇ ನಿಮ್ಮ ಕೆಲಸ.”

ರಾಗಿ ಮೂಟೆಯೊಂದನ್ನು ಎಳೆದು ಕೊಟ್ಟಳು. ಪ್ರಭುಸ್ವಾಮಿಯವರು ಅದರ ಮೇಲೆ, ತಪ್ಪು ಮಾಡಿದ ವಿದ್ಯಾರ್ಥಿಯಂತೆ, ಎರಡು ಅಂಗೈಗಳನ್ನೂ ತೊಡೆಯ ಕೆಳಗೆ ಸೇರಿಸಿ ಕೂತರು. ಗಡಿಯಾರದಲ್ಲಿ ಮೂರು ದಾಟಿತ್ತು. ಹಾಡುಗಳನ್ನು ಬಿಡುವಿಲ್ಲದೆ ಒಂದರ ಹಿಂದೊಂದು ನುಡಿಸಿದರೆ ಮಾತ್ರ ಆಲ್ಬಂ ಪೂರ್ತಿಯಾಗುತ್ತದೆ. ಮಧ್ಯೆ ಕೆಟ್ಟರೆ ಮತ್ತೆ ಶುರುಮಾಡುವ ಹೊತ್ತಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು.

ಟೇಪು ಮತ್ತೆ ತಿರುಗಿತು.

ಮೊದಲ ಕೂಗು ಬಂದಾಗ ಅವರ ಬಲಗೈ ತೊಡೆಯ ಕೆಳಗೆ ಬಲೆಗೆ ಬಿದ್ದ ಇಲಿಯ ಹಾಗೆ ಒದ್ದಾಡಿತು. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದರು. ಎರಡನೆಯದಕ್ಕೆ ಹಲ್ಲು ಕಚ್ಚಿದರು. ಮಿಕ್ಸರಿನ ಮೇಲೆ ಸದ್ದು ಅಳೆಯುವ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ಅಲ್ಲೇ ಮಲಗಿತ್ತು. ಆ ಮುಳ್ಳನ್ನು ಕೆಂಪಿಗೆ ಹೋಗದಂತೆ ಕಾಯುವುದೇ ತಮ್ಮ ಜೀವಮಾನದ ವಿದ್ಯೆ ಎಂದುಕೊಂಡಿದ್ದವರು, ಅದು ಅಲ್ಲಿ ಬಿದ್ದು ಹೊರಳಾಡುವುದನ್ನು ನೋಡುತ್ತ ಕೂತರು. ತಗಡಿನಿಂದ ಹಿಟ್ಟು ಉದುರಿ ಅವರ ತಲೆ, ಭುಜ, ಮೀಸೆಯ ಮೇಲೆ ಕೂತಿತು. ಬೆವರಿಗೆ ಕಲೆತು ಹಣೆಯ ಮೇಲೆ ಅಂಟಾಯಿತು. ಒರೆಸಿಕೊಳ್ಳುವುದಕ್ಕೂ ಕೈ ತೆಗೆಯಲಿಲ್ಲ. ತೆಗೆದರೆ ಅದು ಎಲ್ಲಿಗೆ ಹೋಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ರಾಜೇಶ ಬಾರಿಸುತ್ತಿದ್ದದ್ದು ನಾಳೆಯಿಂದ ಕೈಗಳಿಗೆ ಬೇರೆ ಕೆಲಸ ಎಂದು ತಿಳಿದವನ ಬಾರಿಸುವಿಕೆ. ಸಿಂಚನಳ ಕೊರಳ ನರಗಳು ಹಗ್ಗದ ಹಾಗೆ ಎದ್ದಿದ್ದವು. ಬಾಗಿಲಲ್ಲಿ ಸರೋಜಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡು, ಮಗನ ಮೇಲಿನ ಕಣ್ಣು ಮಾತ್ರ ತೆಗೆದಿರಲಿಲ್ಲ.

ಕೊನೆಯ ಹಾಡು ಶುರುವಾಯಿತು. ಎಲ್ಲಕ್ಕಿಂತ ಉದ್ದನೆಯದು ಅದೇ. ಆಗ ಪ್ರಭುಸ್ವಾಮಿಯವರ ತಲೆಯ ಮೇಲಿನ ಬಲ್ಬು ಮಂಕಾಯಿತು.

ಪಕ್ಕದ ಐಸ್ ಕ್ಯಾಂಡಿ ಕಾರ್ಖಾನೆಯವನು ಕಂಪ್ರೆಸರ್ ಹಾಕಿದ್ದ. ಎದುರು ಗೋಡೆಯ ಕೆಳಗೆ ಸ್ಟೆಬಿಲೈಸರಿನ ಮುಳ್ಳು ಕೆಳಕ್ಕೆ ಜಾರುತ್ತಿತ್ತು. ಇನ್ನು ಸ್ವಲ್ಪ ಜಾರಿದರೆ ಟೇಪು ನಿಧಾನವಾಗಿ, ಹಾಡೆಲ್ಲ ಗೊರಕೆಯಾಗಿ, ಆಮೇಲೆ ಯಂತ್ರವೇ ನಿಂತುಹೋಗುತ್ತದೆ. ಅವರ ಮತ್ತು ಸ್ಟೆಬಿಲೈಸರಿನ ನಡುವೆ ಮಿಕ್ಸರಿತ್ತು; ಮಿಕ್ಸರಿನ ಪಕ್ಕದಲ್ಲಿ ಗುರುಕಿರಣ್ ನಿಂತಿದ್ದ.

ಅವರು ಕೈ ಎಳೆದುಕೊಂಡು ಎದ್ದರು. ಗುರುಕಿರಣ್ ನೋಡಿದ. ನುಡಿಸುತ್ತಲೇ ಒಂದು ಹೆಜ್ಜೆ ಅಡ್ಡ ಬಂದು, ಮಿಕ್ಸರಿಗೆ ಬೆನ್ನು ಕೊಟ್ಟು ನಿಂತ. ಅವನ ಮುಖದಲ್ಲಿ, ನೀವು ಮುಟ್ಟಿದರೆ ನಾನು ಮಾವ ಎಂದು ನೋಡುವುದಿಲ್ಲ ಎಂದು ಬರೆದ ಹಾಗಿತ್ತು. ಪ್ರಭುಸ್ವಾಮಿಯವರು “ವೋಲ್ಟೇಜ್” ಎಂದರು. ತಮ್ಮ ದನಿ ತಮಗೇ ಕೇಳಲಿಲ್ಲ. ಬಲ್ಬಿನ ಕಡೆ ಬೆರಳು ತೋರಿಸಿದರು. ಅವನು ನೋಡಲಿಲ್ಲ, ಆ ಬಲಗೈಯ ಮೇಲಿಟ್ಟ ಕಣ್ಣನ್ನು ಅವನು ಕೀಳುವ ಹಾಗಿರಲಿಲ್ಲ. ಆ ಕೈಯನ್ನು ನಂಬಿ ಒಂದು ಸಲ ಎಲ್ಲ ಕಳೆದುಕೊಂಡಿದ್ದ. ಬಲ್ಬು ಮತ್ತಷ್ಟು ಇಳಿದು ಹಳದಿಯಾಯಿತು.

ಆಗ ಪ್ರಭುಸ್ವಾಮಿಯವರು ತಮ್ಮ ಅಂತಸ್ತಿಗೆ ತಕ್ಕುದಲ್ಲದ ಒಂದು ಕೆಲಸ ಮಾಡಿದರು. ಎರಡೂ ಕೈಗಳನ್ನು ತಲೆಯ ಮೇಲಿಟ್ಟು, ಬೆರಳುಗಳನ್ನು ಹೆಣೆದು, ಪೊಲೀಸರು ಹಿಡಿದ ಕಳ್ಳನ ಭಂಗಿಯಲ್ಲಿ, ಮಿಕ್ಸರಿನ ಕಡೆ ಮುಖವನ್ನೂ ತಿರುಗಿಸದೆ, ಗೋಡೆ ಸವರಿಕೊಂಡು ಅಡ್ಡಡ್ಡವಾಗಿ ನಡೆಯತೊಡಗಿದರು. ಪಂಚೆಯ ಒಂದು ಚುಂಗು ಸಡಿಲಾಗಿ ನೆಲ ಗುಡಿಸುತ್ತಿತ್ತು. ಗುರುಕಿರಣ್ ಅವರ ಜೊತೆಗೇ ತಿರುಗಿದ, ಗಿಟಾರಿನ ಕತ್ತನ್ನು ಕೋವಿಯಂತೆ ಅವರತ್ತಲೇ ಹಿಡಿದು. ಮಿಕ್ಸರನ್ನು ದಾಟಿದರು. ಅವರು ನಿಲ್ಲಲಿಲ್ಲ. ಅವನು ಅರ್ಧ ಹೆಜ್ಜೆ ಹಿಂದೆ ಸರಿದ.

ಸ್ಟೆಬಿಲೈಸರಿನ ಮುಂದೆ ಮಂಡಿಯೂರಿ ಒಂದು ಮೆಟ್ಟಿಲು ಏರಿಸಿದರು. ಮುಳ್ಳು ಎದ್ದಿತು. ಬಲ್ಬು ಬೆಳಗಿತು. ಕಂಪ್ರೆಸರ್ ನಿಂತ ಕೂಡಲೇ ಮುಳ್ಳು ಅತ್ತ ಮೇಲಕ್ಕೆ ನೆಗೆಯಿತು, ಇಳಿಸಿದರು. ಮತ್ತೆ ಕಂಪ್ರೆಸರ್, ಮತ್ತೆ ಏರಿಸಿದರು. ಐಸ್ ಕ್ಯಾಂಡಿಯವನಿಗೆ ಆ ಮಧ್ಯಾಹ್ನ ನೆಮ್ಮದಿಯೇ ಇದ್ದಂತಿರಲಿಲ್ಲ. ಪ್ರಭುಸ್ವಾಮಿಯವರು ತಂಡಕ್ಕೆ ಬೆನ್ನು ಹಾಕಿ ಮುಳ್ಳಿನ ಮೇಲೆ ಕಣ್ಣಿಟ್ಟು ಏರಿಸುತ್ತ, ಇಳಿಸುತ್ತ ಉಳಿದರು. ಹಿಂದಿನಿಂದ ಕೂಗು ಅವರ ಎರಡು ಕಿವಿಗಳಿಗೂ ಸುರಿಯುತ್ತಿತ್ತು. ಸಿಂಚನ ‘ನಾನೇನು ನಿನ್ನೆ ಬಂದವಳಾ’ ಎಂದು ಅರಚಿ, ದನಿ ಒಡೆದು ನಿಂತಳು. ಡ್ರಮ್ಮು ನಿಂತಿತು. ಗಿಟಾರಿನ ಕೂಗೊಂದೇ ಉಳಿದು, ಯಾರೂ ತಡೆಯದೆ, ತನ್ನಷ್ಟಕ್ಕೆ ಸಣ್ಣಗಾಗುತ್ತ ಹೋಗಿ, ಟೇಪು ಕಟಕ್ಕೆಂದು ಮುಗಿಯಿತು.

ಹೊರಗೆ ಆಟೋದವನು ಹಾರ್ನ್ ಒತ್ತುತ್ತಿದ್ದ. ಎಷ್ಟು ಹೊತ್ತಿನಿಂದಲೋ.

“ನಡೀಲಾ, ಒತ್ತಾಗೋಯ್ತು,” ಎಂದು ಸರೋಜಮ್ಮ ಮಗನ ತೋಳು ಹಿಡಿದರು. ಜವರಯ್ಯ ಟ್ರಂಕು ಎತ್ತಿ ಆಟೋಗಿಟ್ಟರು. ರಾಜೇಶ ಎದ್ದವನು, ಅಂಗಿ ಬೆವರಿನಲ್ಲಿ ಬೆನ್ನಿಗಂಟಿದ್ದ ಹಾಗೆಯೇ, ಬಾಗಿಲ ತನಕ ಹೋಗಿ ತಿರುಗಿದ.

“ಸಾರ್, ಬಂತಾ?”

ಅದು ಯಾರಿಗೂ ಗೊತ್ತಿರಲಿಲ್ಲ. ಕೊನೆಯ ಹಾಡಿನಲ್ಲಿ ವೋಲ್ಟೇಜ್ ಬಿದ್ದ ಜಾಗದಲ್ಲಿ ಟೇಪ್ ಏನಾಗಿದೆಯೋ. ಪ್ರಭುಸ್ವಾಮಿಯವರು ಯಂತ್ರದ ಹತ್ತಿರ ಓಡಿ, ಟೇಪು ಹಿಂದಕ್ಕೆ ಸುತ್ತಿ, ಹೆಡ್‌ಫೋನ್ ಹಾಕಿಕೊಂಡರು. ಗುರುಕಿರಣ್ ಅವರ ಮುಖ ನೋಡುತ್ತ ನಿಂತ. ಆಟೋ ಹಿಂದೆ ಮುಂದೆ ಮಾಡಿ ತಿರುಗಿಕೊಳ್ಳುತ್ತಿತ್ತು. ರಾಜೇಶ ಪಕ್ಕದಿಂದ ಅರ್ಧ ಮೈ ಹೊರಗೆ ಚಾಚಿ ಗಿರಣಿಯ ಬಾಗಿಲನ್ನೇ ನೋಡುತ್ತಿದ್ದ.

ಬಲ್ಬು ಮಂಕಾದ ಜಾಗ ಬಂತು. ಅಲ್ಲಿ ಎಲ್ಲ ಒಂದು ಚೂರು ಇಳಿದು, ಏನೋ ದೊಡ್ಡದು ಮಂಡಿ ಮಡಚಿದ ಹಾಗಾಗಿ, ಮತ್ತೆ ಎದ್ದು ನಿಂತಿತು. ಕೆಡಲಿಲ್ಲ. ಆಮೇಲಿನದನ್ನು ಮುಂದಕ್ಕೆ ಓಡಿಸುತ್ತ ಅಲ್ಲಲ್ಲಿ ಕೇಳಿದರು; ಕೊನೆಯ ತನಕ ಪೂರ್ತಿ ಇತ್ತು, ಒಂದು ಎಳೆಯೂ ಬಿಡದೆ.

ಪ್ರಭುಸ್ವಾಮಿಯವರು ಹೆಡ್‌ಫೋನ್ ಕಿತ್ತು, ಹಿಟ್ಟು ಮೆತ್ತಿದ ಮುಖದಲ್ಲೇ ರಸ್ತೆಗೆ ಓಡಿದರು. ಪಂಚೆಯನ್ನು ಒಂದು ಕೈಲಿ ಹಿಡಿದುಕೊಂಡು, ಭಾನುವಾರದ ಸಿದ್ಧಾರ್ಥನಗರ ತಿರುಗಿ ನೋಡುವಷ್ಟು ಗಟ್ಟಿಯಾಗಿ, “ಬಂದಿದೆ ಕಣಯ್ಯ ರಾಜೇಶ, ಕೂಗು ಪೂರ್ತಿ ಬಂದಿದೆ” ಎಂದರು.

“ಏನಂತ್ಲಾ?” ಎಂದು ಆಟೋದೊಳಗೆ ಸರೋಜಮ್ಮ ಕೇಳಿದರಂತೆ.

“ಕೂಗು ಬಂದದಂತೆ ಕಣವ್ವ.”

“ಬರ್ದೆ ಇನ್ನೇನು, ಇಡೀ ಊರ್ಗೇ ಬಂತು.”

ಗೌರಿ ಹಬ್ಬದ ವಾರದಲ್ಲಿ, ಗಣೇಶನ ಹಾಡುಗಳ ರಾಶಿಯ ನಡುವೆ, ‘ಬೆಲ್ಟ್ ಕಡಿದ ದಿನ’ ಹೊರಬಂತು. ಕೊಂಡವರು ಕಡಿಮೆ; ಕೊಂಡವರಲ್ಲಿ ಕೆಲವರು ಕ್ಯಾಸೆಟ್ ಕೆಟ್ಟಿದೆಯೆಂದು ವಾಪಸು ತಂದರು. ಅವರನ್ನೆಲ್ಲ ಪ್ರಭುಸ್ವಾಮಿಯವರು ಸ್ಟುಡಿಯೋದಲ್ಲಿ ಕೂರಿಸಿ, ಇದು ಕೆಟ್ಟದ್ದಲ್ಲ, ಇದು ಹೀಗೇ ಎಂದು ದೀರ್ಘವಾಗಿ ವಿವರಿಸಿದರು. ಹೊದಿಕೆಯ ಹಿಂಬದಿಯಲ್ಲಿ ಮೂವರ ಹೆಸರಿನ ಕೆಳಗೆ, ‘ವೋಲ್ಟೇಜ್: ಪ್ರಭುಸ್ವಾಮಿ’ ಎಂದು ಅಚ್ಚಾಗಿತ್ತು. ಅದನ್ನು ಓದಿದ ದಿನ ಅವರು ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಒಂದು ಒಳ್ಳೆಯ ಪೆನ್ನು ತಂದು, ತಮ್ಮ ಹತ್ತಿರ ಇದ್ದ ಅಷ್ಟೂ ಕ್ಯಾಸೆಟ್ಟುಗಳಲ್ಲಿ, ಅಚ್ಚಿನ ಅಕ್ಷರವನ್ನೇ ಹೋಲುವಂತೆ, ‘ಮತ್ತು ಧ್ವನಿಮುದ್ರಣ’ ಎಂದು ಸೇರಿಸುತ್ತ ಕೂತರು.